ಐತಾಳರ ಮೀಟಿಂಗಿಗೆ ಹೊರಗಿನವರು ಬಂದ ವರ್ಷ

ಶಕುಂತಲಮ್ಮನ ತಲೆಗೆ ಒಂದು ವಿಚಾರ ಹೊಕ್ಕಿತೆಂದರೆ ಮನೆಯವರು ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಒಂದು ವರ್ಷ ಯೋಗ ಹೊಕ್ಕಿತ್ತು. ಗಂಡ ವಾಸುದೇವ ಐತಾಳರು ಬೆಳಗಿನ ಕಾಫಿ ಕಾಣಬೇಕಾದರೆ ಮೊದಲು ಚಾಪೆಯ ಮೇಲೆ ಹಾವಿನಂತೆ ಹೆಡೆಯೆತ್ತಬೇಕಾಗಿತ್ತು. ಇನ್ನೊಂದು ವರ್ಷ ಗರ್ಬಾ ಹೊಕ್ಕಿತ್ತು. ಆ ನವರಾತ್ರಿಯಲ್ಲಿ ಕುಣಿದು ಕುಣಿದು ಚಪ್ಪಲಿ ಎಲ್ಲಿ ಬಿಟ್ಟೆನೆಂಬುದೇ ಮರೆತು ಬರಿಗಾಲಲ್ಲಿ ನಗುತ್ತ ಮನೆಗೆ ಬಂದಿದ್ದರು. ಐವತ್ತು ದಾಟಿತು, ಇನ್ನು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂರಬಾರದೇ ಎಂದು ಯಾರೋ ಕೇಳಿದ್ದಕ್ಕೆ, "ಇಪ್ಪ ಎಣ್ಣೆ ಎಲ್ಲ ದೋಸಿಗೇ ಬೇಕ್ ಮರಾಯ್ರೆ" ಎಂದಿದ್ದರು.

ದೋಸೆಯ ಮಾತು ಸುಮ್ಮನೆ ಅಂದದ್ದಲ್ಲ. ಕೋಟದ ಕಡೆಯಿಂದ ವಡೋದರಾಕ್ಕೆ ಮದುವೆಯಾಗಿ ಬಂದಾಗ ಮಾವನವರದು ಮಂಜಲ್‌ಪುರದಲ್ಲಿ ಒಂದೇ ಒಂದು ಪುಟ್ಟ ಹೋಟೆಲು, 'ಅಮೃತ ಉಪಾಹಾರ'. ಮಕರಪುರಾದ ಕಾರ್ಖಾನೆಗಳಿಗೆ ಹೋಗುವವರು ನಿಂತಲ್ಲೇ ಇಡ್ಲಿ ತಿಂದು ಓಡುವ ಜಾಗ. ಈಗ ಅದು ಮೂರಾಗಿತ್ತು. ಮಂಜಲ್‌ಪುರದ್ದನ್ನು ಗಂಡ ಹೆಂಡತಿ ನೋಡಿಕೊಳ್ಳುತ್ತಿದ್ದರು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಮೈದುನ ಕೇಶವ. ಸೂರತ್ತಿನ ಆಚೆ, ಹಜೀರಾ ರಸ್ತೆಯಲ್ಲಿ, ಕಂಪನಿ ಕಾಲೊನಿಗಳ ಬಾಯಲ್ಲೇ ಇದ್ದ ಅಂಗಡಿಗೆ ಶಕುಂತಲಮ್ಮನ ತಮ್ಮ ಗಣೇಶ್. ತಿಂಗಳ ಮೊದಲ ಸೋಮವಾರ ಇಬ್ಬರೂ ರೈಲು ಹಿಡಿದು ಬರುತ್ತಿದ್ದರು. ಮಂಜಲ್‌ಪುರದ ಹೋಟೆಲಿನ ಮಾಳಿಗೆಯಲ್ಲಿ ನಾಲ್ವರೂ ಕೂತು ಮೀಟಿಂಗು ಮಾಡುತ್ತಿದ್ದರು.

ಮೀಟಿಂಗು ಅಂದರೆ ಏನು? ಒಬ್ಬರು ಬಾಯಿ ತೆರೆಯುವಷ್ಟರಲ್ಲಿ ಉಳಿದ ಮೂವರ ತಲೆ ಅಲ್ಲಾಡಿ ಆಗಿರುತ್ತಿತ್ತು. ನಾಲ್ವರದೂ ಒಂದೇ ಊರು, ಒಂದೇ ನಾಲಿಗೆ, ಅಜ್ಜಿಯರದೂ ಒಂದೇ ಕೈರುಚಿ. ಹಾಗೆ ತಲೆ ಅಲ್ಲಾಡಿಸಿಯೇ ಹಿಂದಿನ ವರ್ಷ ಸ್ಯಾಟಲೈಟಿನಲ್ಲಿ ಕುಚ್ಚಲಕ್ಕಿ ಊಟ ಶುರು ಮಾಡಿದ್ದರು. ಕುಚ್ಚಲಕ್ಕಿಯ ಗಂಜಿ, ಮಾವಿನಮಿಡಿ, ಹುರುಳಿ ಸಾರು! ಹೇಳುವಾಗಲೇ ನಾಲ್ವರ ಬಾಯಲ್ಲೂ ನೀರು. ಸ್ಯಾಟಲೈಟಿನ ಗಿರಾಕಿಗಳು ಆ ದಪ್ಪ ಕೆಂಪು ಅಗುಳನ್ನು ಬೆರಳಲ್ಲಿ ಒತ್ತಿ ನೋಡಿ, "ಕೇಶವಭಾಯ್, ಅನ್ನ ಇನ್ನೂ ಬೆಂದಿಲ್ಲ" ಎಂದು ವಿನಯದಿಂದ ತಟ್ಟೆ ವಾಪಸು ಕಳಿಸಿದರು. ತರಿಸಿದ್ದ ಅಕ್ಕಿಯನ್ನೆಲ್ಲ ಕೆಲಸದವರೇ ಮಳೆಗಾಲವಿಡೀ ಉಂಡು ಮುಗಿಸಿದರು. ಆಮೇಲೆ ಆ ಸುದ್ದಿಯನ್ನು ಮೀಟಿಂಗಿನಲ್ಲಿ ಯಾರೂ ಎತ್ತಲಿಲ್ಲ. ಅದಕ್ಕೂ ನಾಲ್ವರ ಒಪ್ಪಿಗೆ ಇತ್ತು.

ದೀಪಾವಳಿಗೆ ಮಗಳು ಅರ್ಪಿತಾ ಅಹಮದಾಬಾದಿನಿಂದ ಬಂದಳು. ಎಂಬಿಎ ಓದುತ್ತಿದ್ದ ಹುಡುಗಿ. ಹುಟ್ಟಿ ಬೆಳೆದದ್ದು ಮಂಜಲ್‌ಪುರದಲ್ಲೇ ಆದ್ದರಿಂದ ಅವಳ ಕನ್ನಡ ನಾಲ್ಕು ಹೆಜ್ಜೆ ನಡೆದು ಇಂಗ್ಲಿಷಿನ ಕಟ್ಟೆಯ ಮೇಲೆ ಕೂತುಬಿಡುತ್ತಿತ್ತು. ಹಬ್ಬದ ಮಧ್ಯಾಹ್ನ ತೂಗುಯ್ಯಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹುಬ್ಬು ಗಂಟಿಕ್ಕಿದ್ದ ಮಗಳ ಪಕ್ಕದಲ್ಲಿ ಶಕುಂತಲಮ್ಮ ಬಂದು ಕೂತರು.

"ಹಬ್ಬದ್ ದಿನ ಎಂತ ಓದ್ತಿದ್ದೆ ಮಗಾ?"

"ಪ್ರಾಜೆಕ್ಟ್ ಅಮ್ಮ. ಕಂಪನಿಗಳಲ್ಲಿ ಟಾಪ್‌ನಲ್ಲಿ ಇರೋರೆಲ್ಲ ಒಂದೇ ಟೈಪಾ, ಅಥವಾ ಬೇರೆ ಬೇರೆ ಕಮ್ಯುನಿಟಿ, ಬೇರೆ ಬೇರೆ ಭಾಷೆಯವರಾ ಅಂತ. ಅದಕ್ಕೂ ಕಂಪನಿಯ ಪ್ರಾಫಿಟ್‌ಗೂ ಏನಾದ್ರೂ ಕನೆಕ್ಷನ್ ಇದೆಯಾ ಅಂತ."

"ಇತ್ತಾ ಹಂಗಾರೆ?"

"ಕೆಲವರು ಇದೆ ಅಂತ ಜೋರಾಗಿ ಹೇಳ್ತಾರೆ. ಇನ್ನು ಕೆಲವರು ಅದನ್ನೇ ಮತ್ತೆ ಚೆಕ್ ಮಾಡಿ, ನಮಗೆ ಕಾಣ್ಲಿಲ್ಲ ಅಂತಾರೆ. ಕಂಡ್ರೂ ಯಾವುದರಿಂದ ಯಾವುದು ಅಂತ ಗೊತ್ತಾಗಲ್ಲ. ಮಿಕ್ಸ್ ಇದ್ದದ್ದಕ್ಕೆ ಲಾಭ ಬಂತಾ, ಲಾಭ ಬಂದದ್ದಕ್ಕೆ ಧೈರ್ಯ ಬಂದು ಹೊರಗಿನವರನ್ನು ತಗೊಂಡ್ರಾ?"

"ಅದ್ ಎಂತ ಪ್ರಶ್ನೆ? ಒಗ್ಗರಣಿ ಹಾಕ್ರೆ ಘಮ ಬತ್ತ್. ಘಮ ಬಂತ್ ಅಂದ್ಕಂಡ್ ಯಾರಾರೂ ಒಗ್ಗರಣಿ ಹಾಕ್ತ್ರಾ?"

"ಘಮ ಪಕ್ಕದ ಮನೆ ಒಗ್ಗರಣೆಯದ್ದಾಗಿದ್ರೆ ಅಮ್ಮ?"

ಮಗಳ ಈ ಪ್ರಶ್ನೆ ಅಮ್ಮನಿಗೆ ಕೇಳಿಸಲೇ ಇಲ್ಲ. ಉಯ್ಯಾಲೆ ಖಾಲಿಯಾಗಿ ತೂಗುತ್ತಿತ್ತು. ಶಕುಂತಲಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಚಕ್ಕುಲಿ ತಿನ್ನುತ್ತಿದ್ದ ಗಂಡನಿಗೆ ಹೇಳುತ್ತಿದ್ದರು: "ಹ್ವಾಯ್, ನಮ್ ಕುಚ್ಚಲಕ್ಕಿ ಎಂತಕ್ ಮುಳುಗಿತ್ ಗೊತ್ತಾಯ್ತ್ ನಂಗೆ! ಬೇಡ ಅಂಬುಕೆ ಅಲ್ಲಿ ಒಬ್ರೂ ಇರ್ಲಿಲ್ಲೆ!"

ವಾಸುದೇವ ಐತಾಳರು ಚಕ್ಕುಲಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮುಂದಿನ ಮೀಟಿಂಗಿನ ಸೋಮವಾರ ಮಾಳಿಗೆಯಲ್ಲಿ ನಾಲ್ಕರ ಬದಲು ಆರು ಕುರ್ಚಿಗಳಿದ್ದವು. ಐದನೆಯದರಲ್ಲಿ ರಂಜನ್‌ಬೆನ್ ಸೋಲಂಕಿ ಕೂತಿದ್ದರು. ಮಕರಪುರಾದ ಒಂದು ಕಾರ್ಖಾನೆಯಲ್ಲಿ ಖರೀದಿ ವಿಭಾಗದಲ್ಲಿದ್ದವರು, ಕಾರ್ಖಾನೆ ಊರು ಬಿಟ್ಟು ಹೋದ ಮೇಲೆ ಅಮೃತ ಉಪಾಹಾರದ ಗಲ್ಲಾ ಹಿಡಿದು, ಆಮೇಲೆ ತರಕಾರಿಯಿಂದ ಹಿಡಿದು ತುಪ್ಪದವರೆಗೆ ಖರೀದಿಯನ್ನೆಲ್ಲ ಕೈಗೆ ತೆಗೆದುಕೊಂಡವರು. ಅವರೊಡನೆ ಚೌಕಾಸಿ ಮಾಡಿದ ತರಕಾರಿಯವರು ಮನೆಗೆ ಹೋಗಿ ಮಲಗುತ್ತಿದ್ದರಂತೆ. ಆರನೆಯದರಲ್ಲಿ ಸೂರತ್ ಅಂಗಡಿಯ ಅಡಿಗೆ ನಡೆಸುವ ಪ್ರಫುಲ್ಲ ಬೆಹೆರಾ. ಒಡಿಶಾದ ಗಂಜಾಮಿನವನು, ಹರೆಯದಲ್ಲಿ ಸೂರತ್ತಿನ ಮಗ್ಗಗಳಿಗೆ ಬಂದು, ಅವುಗಳ ಸದ್ದಿಗೆ ಬೇಸತ್ತು ಒಲೆಯ ಕಡೆಗೆ ತಿರುಗಿದವನು. ಮಾತು ಕಮ್ಮಿ ಎಂದು ಎಲ್ಲರೂ ತಿಳಿದಿದ್ದರು. ಕೇಳುವವರಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಕೇಶವನ ಮುಖ ಉಪ್ಪಿನಕಾಯಿ ಕಚ್ಚಿದಂತಿತ್ತು. "ಅತ್ತಿಗೆ, ಇದ್ ಎಂತ ಮರ್ಲ್?"

"ಮರ್ಲಲ್ಲ ಕೇಶವ, ಡೈವರ್ಸಿಟಿ" ಎಂದರು ಶಕುಂತಲಮ್ಮ, ಹೊಸ ಸೀರೆಯ ಹೆಸರು ಹೇಳುವ ಸಂಭ್ರಮದಲ್ಲಿ.

ಈಗ ಮೀಟಿಂಗು ಹಿಂದಿಯಲ್ಲಿ ನಡೆಯಬೇಕಾಯಿತು. ಗಣೇಶನ ಹಿಂದಿ ಎಡವುತ್ತ ನಡೆಯಿತು; ವಾಸುದೇವ ಐತಾಳರದು ಅರ್ಧ ಗುಜರಾತಿ. ಕೇಶವ ಮಾತ್ರ ಹಟ ಹಿಡಿದು, ಪಕ್ಕದಲ್ಲಿದ್ದ ಗಣೇಶನ ಕಿವಿಗೆ ಬೀಳುವಂತೆ ಕೋಟದ ಕನ್ನಡದಲ್ಲೇ ಗೊಣಗಿದ: "ಕಾಣ್, ಇನ್ ಮೇಲೆ ಈ ಹೆಂಗ್ಸ್ ಸಕ್ರಿ ಹಾಕ್ದೆ ಸಾಂಬಾರ್ ಮಾಡುಕ್ ಬಿಡುದಿಲ್ಲೆ."

ರಂಜನ್‌ಬೆನ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಆಮೇಲೆ ಸಾವಕಾಶವಾಗಿ, ಅಚ್ಚ ಕೋಟದ ರಾಗದಲ್ಲಿ ಹೇಳಿದರು: "ಸಾಂಬಾರಿಗೆ ಸಕ್ರಿ ಬ್ಯಾಡ ಕೇಶವಭಾಯ್. ನಿಮ್ ಬಾಯಿಗೆ ಒಂಚೂರ್ ಹಾಕ್ಕಣಿ."

ಇಷ್ಟು ವರ್ಷ ಗಲ್ಲಾದ ಹಿಂದೆ ಕೂತು, ಮನೆಯವರು ಗುಟ್ಟೆಂದುಕೊಂಡು ಆಡಿದ್ದನ್ನೆಲ್ಲ ಈ ಹೆಂಗಸು ಕೇಳಿಸಿಕೊಂಡಿದ್ದಾಳೆ ಎಂಬುದು ನಾಲ್ವರಿಗೂ ಒಟ್ಟಿಗೇ ಹೊಳೆಯಿತು. ಯಾರು ಯಾವಾಗ ಏನೇನು ಅಂದಿದ್ದೇವೆ ಎಂದು ಒಬ್ಬೊಬ್ಬರೂ ಮನಸ್ಸಿನಲ್ಲೇ ಹುಡುಕಾಡಿದರು. ಮೊದಲು ನಗು ತಡೆಯಲಾಗದೆ ಹೋದದ್ದು ವಾಸುದೇವ ಐತಾಳರಿಗೆ. ನಕ್ಕ ರಭಸಕ್ಕೆ ಕಾಫಿ ಮೂಗಿಗೆ ಹತ್ತಿತು. ಏನೂ ಅರ್ಥವಾಗದ ಪ್ರಫುಲ್ಲ ಎದ್ದು ಅವರ ಬೆನ್ನು ತಟ್ಟಿದ.

ಅಲ್ಲಿಂದ ಮೀಟಿಂಗುಗಳಲ್ಲಿ ಜಗಳ ಶುರುವಾಯಿತು. ಹಿಂದೆ ಒಂದು ಲೋಟ ಕಾಫಿಯಲ್ಲಿ ಮುಗಿಯುತ್ತಿದ್ದದ್ದು ಈಗ ಮಧ್ಯಾಹ್ನದ ಊಟವನ್ನೂ ನುಂಗುತ್ತಿತ್ತು. ಹೊರಗಿನವರಿಬ್ಬರು ಒಂದಾಗಿ ಐತಾಳರ ಮೇಲೆ ಬೀಳುತ್ತಾರೆಂದು ಕೇಶವ ಎಣಿಸಿದ್ದ. ಆದರೆ ರಂಜನ್‌ಬೆನ್‌ಗೂ ಪ್ರಫುಲ್ಲನಿಗೂ ಎಣ್ಣೆ ಸೀಗೆಕಾಯಿ. ಪ್ರಫುಲ್ಲ ಸೂರತ್ತಿನ ಅಂಗಡಿಯಲ್ಲಿ ತನ್ನೂರಿನ ಪಖಾಳ, ಅಂದರೆ ನೀರಲ್ಲಿ ನೆನೆಸಿ ಹುಳಿ ಬರಿಸಿದ ಅನ್ನ, ಮಾರೋಣವೆಂದ. ಮೊದಲು ಬೇಡವೆಂದವರು ರಂಜನ್‌ಬೆನ್. ಬೆನ್ನಿಗೇ ಬೇಡವೆಂದವನು ಕುಚ್ಚಲಕ್ಕಿಯಲ್ಲಿ ಕೈ ಸುಟ್ಟುಕೊಂಡಿದ್ದ ಕೇಶವ. ಮುನಿಸಿಕೊಂಡ ಪ್ರಫುಲ್ಲ ಆ ದಿನ ರಂಜನ್‌ಬೆನ್ ತಂದಿದ್ದ ಢೋಕ್ಳಾ ಮುಟ್ಟಲಿಲ್ಲ.

"ಅಮ್ಮ, ಮಿಕ್ಸ್ ಟೀಮ್‌ನಲ್ಲಿ ಮೊದಮೊದಲು ಜಗಳ ಜಾಸ್ತಿ ಅಂತ ನಾನು ಓದಿದ್ದೆ. ಹೇಳೋಕೆ ಮರೆತೆ" ಎಂದಳು ಅರ್ಪಿತಾ ಫೋನಿನಲ್ಲಿ, ಅಪರಾಧಿಯಂತೆ.

"ಜಗಳ ಅಲ್ಲ ಮಗಾ, ಜಾತ್ರೆ! ಇಷ್ಟ್ ವರ್ಷ ನಾವ್ ಮೀಟಿಂಗ್ ಮಾಡಿದ್ದಲ್ಲ, ಒಟ್ಟಿಗೆ ಆಕಳಿಸಿದ್ದ್" ಎಂದರು ಶಕುಂತಲಮ್ಮ. ಅವರಿಗೆ ನಿಜವಾಗಿಯೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎಲ್ಲರೂ ಒಟ್ಟಿಗೇ ಕೂಗಾಡುವ ಆ ಮಾಳಿಗೆಯಲ್ಲಿ ಅವರು ಮದುವೆ ಮನೆಯ ಹುಡುಗಿಯಂತೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ ಕೂರುತ್ತಿದ್ದರು.

ಉತ್ತರಾಯಣದ ಮಾತು ಬಂದದ್ದು ಅಂಥದೊಂದು ಕೂಗಾಟದಲ್ಲಿ. ನಮ್ಮ ಸಂಕ್ರಾಂತಿ ಗುಜರಾತಿಗರಿಗೆ ಉತ್ತರಾಯಣ, ಗಾಳಿಪಟದ ಹಬ್ಬ. ಆ ಎರಡು ದಿನ ಊರಿಗೆ ಊರೇ ತಾರಸಿ ಹತ್ತಿರುತ್ತದೆ. ಕೆಳಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಮಾವನವರ ಕಾಲದಿಂದಲೂ ಅಮೃತ ಉಪಾಹಾರಕ್ಕೆ ಆ ಎರಡು ದಿನ ಬೀಗ.

"ಜನ ಕೆಳಗೆ ಬರಲ್ಲ ಅಂತ ಬೀಗ ಹಾಕ್ತೀರಿ. ನಾವೇ ಮೇಲೆ ಹೋದ್ರೆ?" ಎಂದರು ರಂಜನ್‌ಬೆನ್. "ಪ್ರತಿ ತಾರಸಿಗೂ ಡಬ್ಬಿಯಲ್ಲಿ ಇಡ್ಲಿ ಕಳಿಸೋಣ."

"ಗಾಳಿಗೆ ಇಡ್ಲಿ ಕಲ್ಲಾಗ್ತದೆ" ಎಂದ ಪ್ರಫುಲ್ಲ. "ಕಳಿಸೋದಾದ್ರೆ ಕಾವಲಿಯನ್ನೇ ಮೇಲೆ ಕಳಿಸಿ. ಬಿಸಿ ದೋಸೆ ಅಲ್ಲೇ ಹೊಯ್ಯೋಣ."

"ಗಾಳಿಗೆ ಒಲೆ ಉರಿಯುತ್ತಾ?" ಎಂದ ಕೇಶವ.

"ತಗಡು ಕಟ್ಟಿದ್ರೆ ಉರಿಯುತ್ತೆ" ಎಂದ ಪ್ರಫುಲ್ಲ.

"ಎಷ್ಟು ತಾರಸಿಗೆ ಕಾವಲಿ ಹೊರ್ತೀರಿ?" ಎಂದ ಗಣೇಶ್. "ನಮ್ಮ ಮಂಜಲ್‌ಪುರದ ತಾರಸಿ ಒಂದೇ ಸಾಕು. ಜನರನ್ನು ಅಲ್ಲಿಗೇ ಕರೆಯೋಣ. ನಾನು ಸೂರತ್ತಿಂದ ಮಾಂಜಾ ದಾರ ತರ್ತೇನೆ. ಗಾಳಿಪಟ ಹಾರಿಸೋಕೆ ಬನ್ನಿ, ದೋಸೆ ತಿಂದು ಹೋಗಿ!"

ಇದು ಯಾರ ಉಪಾಯ ಎಂದು ಆಮೇಲೆ ಎಷ್ಟು ಜಗ್ಗಾಡಿದರೂ ಬಗೆಹರಿಯಲಿಲ್ಲ. ಒಬ್ಬರು ಹಿಟ್ಟು ರುಬ್ಬಿದರು, ಒಬ್ಬರು ಹೊಯ್ದರು, ಒಬ್ಬರು ಮಗುಚಿದರು ಎನ್ನಬೇಕು, ಅಷ್ಟೆ. "ನಾಕ್ ಜನ ಬಂದ್ರೆ ಕೇಣಿ" ಎಂದು ಕೇಶವ ಮಾತ್ರ ತಲೆ ಕೊಡವಿದ.

ಉತ್ತರಾಯಣದ ಬೆಳಿಗ್ಗೆ ಕೇಶವನ ಮಾತೇ ನಿಜವಾಗುವಂತೆ ಕಂಡಿತು. ಗಾಳಿ ಜೋರಾಗಿತ್ತು. ಸುತ್ತಲಿನ ತಾರಸಿಗಳ ಮೇಲೆ ಧ್ವನಿವರ್ಧಕಗಳು ಒಂದರ ಮೇಲೊಂದು ಅರಚುತ್ತಿದ್ದವು, ಆಕಾಶ ಬಣ್ಣಬಣ್ಣದ ಕಾಗದದಿಂದ ತುಂಬಿತ್ತು, ಯಾರ ದಾರವನ್ನಾದರೂ ಕತ್ತರಿಸಿದಾಗಲೆಲ್ಲ "ಕಾಪ್ಯೋ ಛೇ!" ಎಂಬ ಕೂಗು ಮನೆಯಿಂದ ಮನೆಗೆ ಹಾರುತ್ತಿತ್ತು. ಅಮೃತ ಉಪಾಹಾರದ ತಾರಸಿಯ ಮೇಲೆ ಮಾತ್ರ ತಗಡಿನ ಮರೆಯಲ್ಲಿ ಎರಡು ದೊಡ್ಡ ಕಾವಲಿಗಳು, ಹಂಡೆ ತುಂಬ ಹಿಟ್ಟು, ಐತಾಳರ ಕುಟುಂಬ, ಮತ್ತು ದಾರಿ ತಪ್ಪಿ ಬಂದಂತೆ ಕೂತ ಒಂದೆರಡು ಸಂಸಾರ. ಗಾಳಿಪಟ ಬಿಟ್ಟು ದೋಸೆ ತಿನ್ನುವವರು ಯಾರು? ಎಲ್ಲರ ಕಣ್ಣೂ ಮೇಲೆ, ಕೈಯೂ ಮೇಲೆ. ಹರಿದು ಬಂದ ಒಂದು ಹಳದಿ ಪಟ ನೇರ ಕಾವಲಿಯ ಮೇಲೆ ಬಿದ್ದು ಭಗ್ಗೆಂದು ಉರಿಯಿತು. ಪ್ರಫುಲ್ಲ ಅದನ್ನು ಸಟ್ಟುಗದಲ್ಲಿ ಎತ್ತಿ ಎಸೆದು ಒಡಿಯಾದಲ್ಲಿ ಏನೋ ಹೇಳಿದ. ಅದು ಬೈಗುಳವೆಂದು ತಿಳಿಯಲು ಅನುವಾದ ಬೇಕಿರಲಿಲ್ಲ.

ಶಕುಂತಲಮ್ಮನ ಉಬ್ಬಿದ ಎದೆ ಮೆಲ್ಲಗೆ ಇಳಿಯತೊಡಗಿತು. ರುಬ್ಬಿಟ್ಟ ಹಿಟ್ಟು ನೋಡಿದರೆ ಕುಚ್ಚಲಕ್ಕಿಯ ನೆನಪು. ಕೇಶವನ ಮುಖ ನೋಡದಂತೆ ಚಟ್ನಿಯ ಪಾತ್ರೆಯನ್ನು ಸುಮ್ಮನೆ ಅತ್ತಿಂದಿತ್ತ ಇಡುತ್ತಿದ್ದರು.

ಹೊತ್ತು ನೆತ್ತಿಗೆ ಬರುವಾಗ ಗಾಳಿ ಬಿದ್ದುಹೋಯಿತು. ಸ್ವಲ್ಪ ಕಮ್ಮಿಯಾದದ್ದಲ್ಲ, ಯಾರೋ ಫ್ಯಾನಿನ ಗುಂಡಿ ಒತ್ತಿದಂತೆ ಪೂರ್ತಿ ನಿಂತಿತು. ಆಕಾಶದಲ್ಲಿದ್ದ ಪಟಗಳೆಲ್ಲ ತೂಕಡಿಸುತ್ತ ಕೆಳಗಿಳಿದವು. ಹುಡುಗರು ದಾರ ಜಗ್ಗಿ ಜಗ್ಗಿ ಸೋತರು. ಇಡೀ ಮಂಜಲ್‌ಪುರ ತಾರಸಿಗಳ ಮೇಲೆ ಮಾಡಲು ಕೆಲಸವಿಲ್ಲದೆ ನಿಂತಿತು, ಬೆಳಗಿನಿಂದ ಕಿರುಚಿ ಹಸಿದ ಹೊಟ್ಟೆಗಳೊಂದಿಗೆ. ಅದೇ ಹೊತ್ತಿಗೆ ಪ್ರಫುಲ್ಲ ಕಾವಲಿಗೆ ತುಪ್ಪ ಸುರಿದ.

ಮೊದಲು ಪಕ್ಕದ ಸೊಸೈಟಿಯವರು ಬಂದರು, ಆಮೇಲೆ ಎದುರಿನವರು. ಮೆಟ್ಟಿಲುಗಳ ಮೇಲೆ ಸಾಲು ಬೆಳೆಯಿತು, ಸಾಲು ಬೀದಿಗಿಳಿಯಿತು. ರಂಜನ್‌ಬೆನ್ ಸೆರಗು ಸಿಕ್ಕಿಸಿ ಸಾಲಿನ ನಡುವೆ ಓಡಾಡುತ್ತ, ತನ್ನ ಮನೆಯಿಂದ ತಂದ ಊಂಧಿಯೂ ಪಲ್ಯವನ್ನು ದೋಸೆಯ ಹೊಟ್ಟೆಗೆ ತುಂಬಿಸಿ, "ಹೊಸ ಮಸಾಲೆ ದೋಸೆ!" ಎಂದು ಸಾರಿದರು. ಪ್ರಫುಲ್ಲ ಬೇಡವೆನ್ನಲು ಬಾಯಿ ತೆರೆದವನು ಒಂದು ತುಂಡು ತಿಂದು ಬಾಯಿ ಮುಚ್ಚಿಕೊಂಡ. ಎರಡು ಕಾವಲಿ ಸಾಲದೆ ಹೋದಾಗ, ಯಾರೂ ಹೇಳದೆಯೇ ಕೇಶವ ಪಂಚೆ ಎತ್ತಿ ಕಟ್ಟಿ ಕೆಳಗಿನ ಅಡಿಗೆಮನೆಯಿಂದ ಮೂರನೆಯದನ್ನು ಹೊತ್ತು ತಂದು ಹೊಯ್ಯಲು ನಿಂತ. ಎಷ್ಟೋ ವರ್ಷದಿಂದ ಗಲ್ಲಾ ಮಾತ್ರ ಮುಟ್ಟಿದ್ದ ಅವನ ಮೊದಲ ದೋಸೆ ಭೂಪಟದಂತಾಯಿತು. ಅದನ್ನೂ ಜನ ಕಸಿದುಕೊಂಡು ತಿಂದರು.

ಸಂಜೆಗೆ ಗಾಳಿ ಮತ್ತೆ ಎದ್ದಾಗ ಹಂಡೆಯ ತಳ ಕಾಣುತ್ತಿತ್ತು. ಹೋಗಬೇಕಾದ ಜನ ಹೋಗಲಿಲ್ಲ. ಅಲ್ಲಿಂದಲೇ ಪಟ ಏರಿಸಿದರು. ವಾಸುದೇವ ಐತಾಳರು, ಪೇಪರಿನ ಹಾಳೆಯನ್ನಲ್ಲದೆ ಬೇರೆ ಕಾಗದ ಮುಟ್ಟದವರು, ಗಣೇಶನ ಸೂರತ್ ದಾರ ಹಿಡಿದು ಎದುರು ತಾರಸಿಯ ವೈದ್ಯರ ಕೆಂಪು ಪಟವನ್ನು ಕತ್ತರಿಸಿಬಿಟ್ಟರು. "ಕಾಪ್ಯೋ ಛೇ!" ಎಂದು ಅವರು ಕೂಗಿದ ಕೂಗಿಗೆ ಶಕುಂತಲಮ್ಮನೇ ಬೆಚ್ಚಿದರು. ಇಂಥ ದನಿ ಈ ಮನುಷ್ಯನಲ್ಲಿ ಎಲ್ಲಿ ಅಡಗಿತ್ತು? ಅವರು ಹಿಟ್ಟು ಮೆತ್ತಿದ ಕೈಯಲ್ಲೇ ಗಂಡನ ರಟ್ಟೆ ಹಿಡಿದು ಒಂದು ಸುತ್ತು ತಿರುಗಿದರು. ತಾರಸಿ ತಿರುಗಿತು, ಪಟಗಳು ತಿರುಗಿದವು, ಕೆಳಗಿನ ಬೀದಿಯೂ ತಿರುಗಿದಂತಾಗಿ ರಂಜನ್‌ಬೆನ್ ಇಬ್ಬರನ್ನೂ ಹಿಡಿದು ನಿಲ್ಲಿಸಬೇಕಾಯಿತು.

ಹಬ್ಬಕ್ಕೆ ಬಂದಿದ್ದ ಅರ್ಪಿತಾ ಕೂಡ ದಿನವಿಡೀ ತಟ್ಟೆ ಹಂಚಿ ಮುಖದ ತುಂಬ ಮಸಿ ಬಳಿದುಕೊಂಡಿದ್ದಳು. ಆದರೂ ಹುಡುಗಿ ಸತ್ಯ ಬಿಡಲಿಲ್ಲ. "ಅಮ್ಮ, ಗಾಳಿ ನಿಂತಿರದಿದ್ರೆ ಏನಾಗ್ತಿತ್ತು? ಇದು ಡೈವರ್ಸಿಟಿಯಿಂದ ಆದದ್ದಾ, ಗಾಳಿಯಿಂದ ಆದದ್ದಾ? ನಾನು ಇದನ್ನ ಪ್ರಾಜೆಕ್ಟಲ್ಲಿ ಬರೆಯೋಕೆ ಆಗಲ್ಲ."

"ಗಾಳಿ ನಿಲ್ಸಿದ್ ದೇವ್ರ್. ತಾರಸಿ ಮೇಲೆ ಕಾವಲಿ ಇಟ್ಟದ್ ನಾವ್. ಬೇಕಾರೆ ಬರಿ, ಇಲ್ದಿರೆ ಬಿಡ್" ಎಂದರು ಅಮ್ಮ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಶಕುಂತಲಮ್ಮನಿಗೆ ಅಮಲು ಏರಿತ್ತು. ಬಂದವರಿಗೆ, ಹೋದವರಿಗೆ, ಹಾಲಿನವನಿಗೆ ಕೂಡ ಉತ್ತರಾಯಣದ ಕತೆ. ಜನವರಿಯ ಕೊನೆಯಲ್ಲಿ ಅಹಮದಾಬಾದಿನ ಕನ್ನಡಿಗರು ಸೇರಿದ ಒಂದು ಊಟಕ್ಕೆ ರಂಜನ್‌ಬೆನ್ ಮತ್ತು ಪ್ರಫುಲ್ಲ ಇಬ್ಬರನ್ನೂ ಕರೆದೊಯ್ದರು. ಅಲ್ಲಿ ಒಬ್ಬೊಬ್ಬರ ಮುಂದೂ ಅವರನ್ನು ನಿಲ್ಲಿಸಿ, "ಇವ್ರ್ ಗುಜರಾತಿ, ಇವ ಒಡಿಯಾ, ಇವ್ರೇ ನಮ್ ಡೈವರ್ಸಿಟಿ!" ಎಂದು ಪರಿಚಯಿಸಿದರು. ಜನ ಮೆಚ್ಚಿಕೊಂಡರು. ಯಾರೋ ಫೋಟೋ ತೆಗೆದರು. ಶಕುಂತಲಮ್ಮ ನಡುವೆ ನಿಂತು ಹಲ್ಲು ಕಾಣುವಂತೆ ನಕ್ಕರು.

ವಾಪಸು ಬರುವಾಗ ಕಾರಿನಲ್ಲಿ, ದಾರಿಯ ನಡಿಯಾದ್ ದಾಟಿದ ಮೇಲೆ, ರಂಜನ್‌ಬೆನ್ ಕಿಟಕಿಯ ಕಡೆ ನೋಡುತ್ತಲೇ ಗುಜರಾತಿಯಲ್ಲಿ ಹೇಳಿದರು: "ಶಕುಂತಲಾಬೆನ್, ಮದುವೆಯಲ್ಲಿ ಸೊಸೆಯ ಒಡವೆ ತೋರಿಸ್ತಾರಲ್ಲ, ಇವತ್ತು ನೀವು ನಮ್ಮನ್ನು ಹಾಗೆ ತೋರಿಸಿದ್ರಿ."

"ಅಯ್ಯೋ, ಹೆಮ್ಮೆಯಿಂದ ಹೇಳಿದ್ದು ರಂಜನ್‌ಬೆನ್!"

"ಗೊತ್ತು. ಆದರೆ ನನ್ನನ್ನು ಕರೆದದ್ದು ನನಗೆ ತಲೆ ಇದೆ ಅಂತಲೋ, ನಾನು ಗುಜರಾತಿ ಅಂತಲೋ? ಸೂರತ್ತಿನ ಹಜೀರಾ ಅಂಗಡಿ ದೊಡ್ಡದು ಮಾಡುವ ಮಾತು ಬಂದಾಗ ಏನಾಯ್ತು? ಮೀಟಿಂಗು ಮುಗೀತು ಅಂತ ನಮ್ಮಿಬ್ಬರನ್ನೂ ಕಳಿಸಿ, ನೀವು ನಾಲ್ವರು ಒಳಗೆ ಹೋಗಿ ತೀರ್ಮಾನ ಮಾಡಿದ್ರಿ. ಏರ್‌ಕಂಡೀಶನ್ ಹಾಲ್, ದೊಡ್ಡ ದೀಪದ ಗೊಂಚಲು, ಎಲ್ಲ. ಪ್ರಫುಲ್ಲನಿಗೆ ಅದು ಗೊತ್ತಾದದ್ದು ಬಡಗಿ ಬಂದು ಅಳತೆ ತೆಗೆದಾಗ."

ಮುಂದಿನ ಸೀಟಿನಲ್ಲಿದ್ದ ಪ್ರಫುಲ್ಲ ತಿರುಗಲಿಲ್ಲ. ಅವನ ಕಿವಿಗಳು ಮಾತ್ರ ಕೆಂಪಾದವು.

ಶಕುಂತಲಮ್ಮನಿಗೆ ಆ ದಿನ ನೆನಪಾಯಿತು. ಹೌದು, ಒಳಗೆ ಹೋಗಿದ್ದರು. ಬಾಗಿಲು ಹಾಕಿದ್ದೂ ತಾನೇ. ಗೊಂಚಲಿನ ಮೇಲೆ ತನಗೆ ಆಸೆ ಇತ್ತು, ಈ ಇಬ್ಬರು ಬೇಡವೆಂದಾರು ಎಂಬ ಹೆದರಿಕೆಯೂ ಇತ್ತು. ಬೇಡವೆನ್ನುವವರು ಬೇಕೆಂದು ಊರೆಲ್ಲ ಸಾರಿದವಳು ತಾನು! ವಡೋದರಾದಲ್ಲಿ ಇಳಿಯುವಾಗ ಶಕುಂತಲಮ್ಮ, "ತಪ್ಪಾಯ್ತು. ಇಬ್ಬರಿಗೂ ಹೇಳ್ತಿದ್ದೇನೆ" ಎಂದರು. ಅಷ್ಟರಿಂದ ಮುಗಿಯಲಿಲ್ಲವೆಂದು ಅವರಿಗೂ ಗೊತ್ತಿತ್ತು.

ಮುಂದಿನ ಸೋಮವಾರ ಆರು ಜನ ಕೂತ ಮೇಲೆ ಅವರು ನೇರವಾಗಿ ಹೇಳಿದರು: ರಂಜನ್‌ಬೆನ್, ಪ್ರಫುಲ್ಲ ಇಬ್ಬರೂ ಇನ್ನು ಅಮೃತ ಉಪಾಹಾರದ ಪಾಲುದಾರರು, ಕಾಗದಪತ್ರ ವಕೀಲರ ಹತ್ತಿರ ಇದೆ, ಇನ್ನು ಮೇಲೆ ಆರು ಜನರ ಮುಂದೆ ಆಡದ ಮಾತು ತೀರ್ಮಾನವಲ್ಲ. ಗಣೇಶ್ ಅಕ್ಕನ ಮುಖ ನೋಡಿದ. ವಾಸುದೇವ ಐತಾಳರು ಹೌದೆಂದರು. ಎಲ್ಲರ ಕಣ್ಣೂ ಕೇಶವನ ಮೇಲೆ ಹೋಯಿತು.

ಕೇಶವ ಕೆಮ್ಮಿದ. "ನಂದ್ ಎಂತ ತಕರಾರಿಲ್ಲೆ. ಈ ಹೆಂಗ್ಸ್ ಬಪ್ಪುಕ್ ಶುರು ಮಾಡಿದ್ ಮೇಲೆ ಮೀಟಿಂಗಲ್ ನಂಗ್ ನಿದ್ದಿ ಬತ್ತಿಲ್ಲೆ."

"ನಿಮ್ ಗೊರಕಿ ಕೇಂಡ್ ಕೇಂಡ್ ಸಾಕಾಗಿತ್ತ್" ಎಂದರು ರಂಜನ್‌ಬೆನ್. ಆಗ ಪ್ರಫುಲ್ಲ ಜೋರಾಗಿ ನಕ್ಕ. ಈ ಮೂರು ತಿಂಗಳಲ್ಲಿ ಅವನಿಗೂ ಅಷ್ಟು ಕನ್ನಡ ಹತ್ತಿತ್ತು.

ಅದೇ ಉಸಿರಿನಲ್ಲಿ ಹಜೀರಾದ ಮಾತನ್ನು ಮತ್ತೆ ತೆರೆದರು. ಶಕುಂತಲಮ್ಮ ಗೊಂಚಲಿನ ಪರವಾಗಿ ಪ್ರಾಣ ಬಿಟ್ಟು ಮಾತಾಡಿದರು. ಕಾಲೊನಿಯ ಸಂಸಾರಗಳು ಬಂದು ತಂಪಾಗಿ ಕೂತು ತಿನ್ನುವ ಚಿತ್ರವನ್ನು ಕಣ್ಣಿಗೆ ಕಟ್ಟಿಸಿದರು. ರಂಜನ್‌ಬೆನ್ ಅರ್ಧ ಹಾಲ್, ಅರ್ಧ ನಿಂತು ತಿನ್ನುವ ಕಟ್ಟೆ ಇರಲೆಂದರು. ಪ್ರಫುಲ್ಲನಿಗೆ ಹಾಲ್ ಬೇಡವೇ ಬೇಡ. ಪಾಳಿ ಬಿಟ್ಟು ಬರುವವರಿಗೆ ಕೂರುವ ವ್ಯವಧಾನವಿಲ್ಲ ಎಂದ. ಕೇಶವ ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ನಿಂತ. ಗಂಟಲು ಒಣಗುವಷ್ಟು ಮಾತಾದ ಮೇಲೆ ಕೈ ಎತ್ತಿಸಿದರು. ಗೊಂಚಲಿಗೆ ಎದ್ದದ್ದು ಒಂದೇ ಕೈ, ಶಕುಂತಲಮ್ಮನದು. ಸ್ವಂತ ತಮ್ಮ ಗಣೇಶ್ ಕೂಡ ನೆಲ ನೋಡುತ್ತ ರಂಜನ್‌ಬೆನ್‌ರ ಕಡೆ ಸೇರಿದ್ದ. ಕೊನೆಗೆ ಗೆದ್ದದ್ದು ಅವರ ಅರ್ಧ-ಅರ್ಧ.

ಒಂಟಿಯಾಗಿ ಮೇಲಿದ್ದ ತನ್ನ ಕೈಯನ್ನು ಶಕುಂತಲಮ್ಮ ಒಂದು ಗಳಿಗೆ ನೋಡಿದರು. ಚುಚ್ಚಿತು. ಇಷ್ಟು ವರ್ಷದಲ್ಲಿ ಈ ಮಾಳಿಗೆಯಲ್ಲಿ ಅವರ ಮಾತು ಬಿದ್ದದ್ದೇ ಇಲ್ಲ. ಕಣ್ಣಂಚು ಒದ್ದೆಯಾಯಿತೋ ಎನ್ನುವಷ್ಟರಲ್ಲಿ ಎಲ್ಲಿಂದಲೋ ನಗು ಉಕ್ಕಿ ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. "ನನ್ನನ್ನೇ ಸೋಲ್ಸ್ದ್ರಿ ಅಲ್ದಾ! ನನ್ನನ್ನೇ!" ಎನ್ನುತ್ತ ಮೇಜು ಬಡಿದು ನಕ್ಕರು.

ಅರ್ಪಿತಾಳ ಪ್ರಾಜೆಕ್ಟು ಮಾರ್ಚಿನಲ್ಲಿ ಮುಗಿಯಿತು. ಅವಳು ಆರಿಸಿದ ಕಂಪನಿಗಳಲ್ಲಿ ಬೇರೆ ಬೇರೆ ಸಮುದಾಯದವರು ಮೇಲಿದ್ದ ಕಡೆ ಲಾಭ ಸ್ವಲ್ಪ ಹೆಚ್ಚು ಕಂಡಿತು. ಕಂಪನಿಯ ಗಾತ್ರ, ಊರು, ವಯಸ್ಸು ಎಲ್ಲ ಲೆಕ್ಕಕ್ಕೆ ಹಿಡಿದು ನೋಡಿದರೆ ಆ ಹೆಚ್ಚು ಕರಗಿಹೋಯಿತು. ಹೌದೆಂದೂ ಇಲ್ಲವೆಂದೂ ಹೇಳಲು ಬರುವುದಿಲ್ಲ ಎಂದು ಬರೆದಳು. ಮೇಷ್ಟ್ರು ಅದನ್ನೇ ಮೆಚ್ಚಿದರು. ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದಾಗ ಅವರು ಪೂರ್ತಿ ಕೇಳಿ, "ಸಮ ಬರ್ದೆ. ಗೊತ್ತಿಲ್ದದ್ ಗೊತ್ತಿಲ್ಲೆ ಅಂಬ್ದೇ ಸೈ" ಎಂದರು. ಆಮೇಲೆ, "ಆದ್ರೂ ನಮ್ಗ್ ಇಬ್ರೂ ಬೇಕ್ ಮಗಾ. ಲಾಭ ಬರ್ಲಿ ಬಿಡ್ಲಿ" ಎಂದು ಸೇರಿಸಿದರು.

ಹಜೀರಾದ ಅಂಗಡಿ ಅಕ್ಷಯ ತೃತೀಯದ ದಿನ ಹೊಸದಾಗಿ ತೆರೆಯಿತು. ಶಕುಂತಲಮ್ಮ ಬೆಳಗಿನ ರೈಲಿಗೇ ಹೋಗಿದ್ದರು. ಹಾಲ್‌ನಲ್ಲಿ ನಾಲ್ಕಾರು ಸಂಸಾರ ತಂಪಾಗಿ ಕೂತಿತ್ತು. ಹೊರಗೆ ಕಟ್ಟೆ ಖಾಲಿ ಹೊಡೆಯುತ್ತಿತ್ತು. ಅಷ್ಟರಲ್ಲಿ ಪಾಳಿ ಬಿಟ್ಟಿತು. ಹೆಲ್ಮೆಟ್ಟು ಕಂಕುಳಲ್ಲಿ ಇರುಕಿಕೊಂಡ ಜನ ಬಸ್ಸುಗಳಿಂದ ಇಳಿದು ಒಮ್ಮೆಗೇ ನುಗ್ಗಿದರು. ಭೋಜ್‌ಪುರಿ, ತೆಲುಗು, ಮರಾಠಿ, ಒಡಿಯಾ, ಯಾವ ಭಾಷೆ ಕೇಳಿದರೂ ಉಂಟು. ಎಲ್ಲರಿಗೂ ಬೇಕಾದದ್ದು ಬಿಸಿ ದೋಸೆ, ಈಗಲೇ. ಪ್ರಫುಲ್ಲ ಒಳಗಿನಿಂದ ಕೂಗಿದ, ಗಣೇಶ್ ಹೊರಗಿನಿಂದ ಕೂಗಿದ, ರಂಜನ್‌ಬೆನ್ ಇಬ್ಬರನ್ನೂ ಮೀರಿಸಿ ಕೂಗಿದರು. ಶಕುಂತಲಮ್ಮ ಕಾಫಿಯ ಲೋಟಗಳನ್ನು ಎರಡೂ ಕೈಯಲ್ಲಿ ಹಿಡಿದು ಜನರ ನಡುವೆ ಮೀನಿನಂತೆ ನುಸುಳುತ್ತಿದ್ದರು.

ಆ ಹೊತ್ತಿಗೇ ವಾಸುದೇವ ಐತಾಳರ ಫೋನು ಬಂತು. ಅಂಗಡಿ ಬಿಟ್ಟು ಬರಲಾಗದೆ ಅವರು ಮಂಜಲ್‌ಪುರದಲ್ಲೇ ಉಳಿದಿದ್ದರು.

"ಹೇಗಿತ್ತೇ?"

"ಎಂತ?"

"ಹೇಗಿತ್ತ್ ಅಂದೆ, ಅಲ್ಲಿ?"

"ಎಂತದೂ ಕೇಂತಿಲ್ಲೆ ಮರಾಯ್ರೆ!"

ಶಕುಂತಲಮ್ಮ ಲೋಟಗಳನ್ನು ಕಟ್ಟೆಯ ಮೇಲಿಟ್ಟು, ಒಂದು ಸ್ಟೂಲಿನ ಮೇಲೆ ಹತ್ತಿ, ಫೋನನ್ನು ಆ ಗದ್ದಲದ ಮೇಲೆ ಎತ್ತಿ ಹಿಡಿದರು. ಕೈ ಸೋತು ಅದನ್ನು ಮತ್ತೆ ಕಿವಿಗಿಟ್ಟುಕೊಂಡಾಗ ಆ ಕಡೆಯಿಂದ ಗಂಡನ ದನಿ ಬಂತು: "ಇನ್ ಸ್ವಲ್ಪ ಹೊತ್ತ್ ಹಿಡಿ, ಕೇಂತೆ."